ತಣ್ಣವ್ವನ ಹೊಟ್ಟೆಯ ಮೇಲಿನ ಕೆಂಪು

ಗ್ಲೌಸಿನ ಉಂಗುರದ ಬೆರಳು ಇವತ್ತೂ ಖಾಲಿ ನೇತಾಡುತ್ತಿತ್ತು. ಜೀಪು ಸುಲ್ತಾನ್ ಬತ್ತೇರಿಯ ಪೇಟೆ ದಾಟಿ ಕೇಣಿಚಿರದ ದಾರಿ ಹಿಡಿಯುವಷ್ಟರಲ್ಲಿ ಶೈಲಜ ಅದನ್ನು ಒಳಕ್ಕೆ ಮಡಚಿ ಬಿಳಿ ಟೇಪು ಸುತ್ತಿದ್ದಳು, ಬಿಚ್ಚಿದ್ದಳು, ಮತ್ತೆ ಸುತ್ತಿದ್ದಳು. ಅವಳ ಬಲಗೈಯ ಉಂಗುರದ ಬೆರಳು ಮೊದಲ ಗೆಣ್ಣಿಗೇ ಮುಗಿದುಹೋಗುತ್ತದೆ. ಗ್ಲೌಸು ಮಾಡುವ ಕಂಪನಿಗೆ ಅದು ಗೊತ್ತಿರಬೇಕಾಗಿಲ್ಲ, ಸರಿ. ಆದರೆ ಮುಂದಿನ ಸೀಟಿನಲ್ಲಿ ಕೂತು ಫೋನಿನಲ್ಲಿ ಯಾರಿಗೋ ನಗುನಗುತ್ತಾ ವಿವರಿಸುತ್ತಿರುವ ಈ ರಾಘವನ್ ಸಾರ್‌ಗೆ? ಹತ್ತು ಹನ್ನೊಂದು ವರ್ಷದಿಂದ ಈ ಕೈಯೇ ಅವರಿಗೆ ಕ್ಯಾಮೆರಾ ಎತ್ತಿಕೊಟ್ಟಿದೆ, ಟ್ರೈಪಾಡು ನಿಲ್ಲಿಸಿದೆ, ವಯರು ಸುತ್ತಿಟ್ಟಿದೆ, ಚಹಾದ ಲೋಟ ನೀಡಿದೆ. ಒಮ್ಮೆ ವೆಳ್ಳಮುಂಡದ ಹತ್ತಿರ ಕಂಬವೊಂದರ ಕೆತ್ತನೆ ನೋಡುತ್ತಿದ್ದಾಗ ಅವರು ಅವಳ ಗ್ಲೌಸನ್ನಷ್ಟೇ ನೋಡಿ, "ಸರಿಯಾಗಿ ಹಾಕಿಕೋ ಶೈಲಜಾ, ಬೆರಳು ತುದಿಯವರೆಗೆ ಹೋಗಿಲ್ಲ" ಎಂದಿದ್ದರು. ಅವಳು "ಸರಿ ಸಾರ್" ಎಂದಿದ್ದಳು. ಆ "ಸರಿ ಸಾರ್" ನೆನಪಾದಾಗಲೆಲ್ಲ ಅವಳಿಗೆ ಅವರಿಗಿಂತ ತನ್ನ ಮೇಲೆಯೇ ಮೈ ಉರಿಯುತ್ತದೆ.

"ಇಲ್ಲ ಇಲ್ಲ, ಒಂದು ಗೀರೂ ಬೀಳುವುದಿಲ್ಲ," ಎಂದು ರಾಘವನ್ ಮಲಯಾಳದಲ್ಲಿ ಫೋನಿಗೆ ಹೇಳುತ್ತಿದ್ದರು. "ಮುಟ್ಟುವುದೇ ಇಲ್ಲ ಅಂತೀನಿ. ಶಾಖದ ಕ್ಯಾಮೆರಾ. ಕಲ್ಲಿನ ಒಳಗೆ ಏನಾಗಿದೆ ಅಂತ ದೂರದಿಂದಲೇ ಹೇಳಿಬಿಡುತ್ತೆ." ಹೇಳಿಬಿಡುತ್ತದಂತೆ! ಕ್ಯಾಮೆರಾ ಏನನ್ನೂ ಹೇಳುವುದಿಲ್ಲ. ಬಿಸಿಯಿದ್ದಲ್ಲಿ ಕೆಂಪು ತೋರಿಸುತ್ತದೆ, ತಣ್ಣಗಿದ್ದಲ್ಲಿ ನೀಲಿ. ಕಲ್ಲಿನೊಳಗೆ ಪೊಳ್ಳಿದ್ದರೆ, ಬಿರುಕಿದ್ದರೆ ಆ ಜಾಗ ಉಳಿದ ಕಲ್ಲಿನ ಹಾಗೆ ಕಾಯುವುದಿಲ್ಲ, ಉಳಿದ ಕಲ್ಲಿನ ಹಾಗೆ ಆರುವುದಿಲ್ಲ. ಆ ವ್ಯತ್ಯಾಸ ನೋಡಿ ಮನುಷ್ಯರು ಹೇಳಬೇಕು, ಇಲ್ಲಿ ಘಾಸಿಯಾಗಿದೆ, ಇಲ್ಲಿ ಆಗಿಲ್ಲ ಅಂತ. ಮನುಷ್ಯರು ಅಂದರೆ ರಾಘವನ್. ಘಾಸಿಯಾಗಿದೆ ಎಂದು ಅವರು ಹೇಳಿಯಾಗಿತ್ತು. ಜೀಪಿನ ಹಿಂದೆ ಮಣಿಕಂಠನ್ ಓಡಿಸಿಕೊಂಡು ಬರುತ್ತಿದ್ದ ಪಿಕಪ್ಪಿನಲ್ಲಿ ಮರದ ಪೆಟ್ಟಿಗೆ, ಹುಲ್ಲು, ಹಗ್ಗ, ಕಲ್ಲು ಕೊಯ್ಯುವ ಯಂತ್ರ ಎಲ್ಲ ಇತ್ತು. ತಣ್ಣವ್ವನ ವಿಗ್ರಹ ಎಲ್ಲಿಂದಲೋ ತಂದು ನಿಲ್ಲಿಸಿದ್ದಲ್ಲ, ನೆಲದ ಬಂಡೆಯನ್ನೇ ಕಡೆದು ಮಾಡಿದ್ದು. ಅವಳ ಪಾದ ಎಲ್ಲಿ ಮುಗಿದು ಬಂಡೆ ಎಲ್ಲಿ ಶುರುವಾಗುತ್ತದೆ ಎಂದು ಯಾರೂ ಹೇಳಲಾರರು. ಘಟ್ಟ ಇಳಿಸಿ ಪುರಾತತ್ವ ಇಲಾಖೆಯ ಉಗ್ರಾಣಕ್ಕೆ ಸಾಗಿಸಬೇಕಾದರೆ ಅವಳನ್ನು ಕಣಕಾಲಿನ ಹತ್ತಿರ ಕೊಯ್ಯಬೇಕು. ಮುಟ್ಟದೆ ಪರೀಕ್ಷೆ ಮಾಡುವುದು, ಆಮೇಲೆ ಕಾಲು ಕೊಯ್ಯುವುದು! ಇದನ್ನು ಒಬ್ಬರಾದರೂ ಜೋರಾಗಿ ಒಮ್ಮೆ ಹೇಳಿದ್ದರೆ ಆಫೀಸಿನ ಕುರ್ಚಿ ಮೇಜುಗಳೂ ನಗುತ್ತಿದ್ದವು. ಯಾರೂ ಹೇಳಲಿಲ್ಲ. ಶೈಲಜಳೂ ಹೇಳಲಿಲ್ಲ.

ಹೇಳಬೇಕಾದವಳು ಅವಳೇ. ಯಾಕೆಂದರೆ ತಣ್ಣವ್ವನ ಹೊಟ್ಟೆಯ ಮೇಲೆ ಕ್ಯಾಮೆರಾ ಕಂಡ ಕೆಂಪು ಪೊಳ್ಳೂ ಅಲ್ಲ, ಬಿರುಕೂ ಅಲ್ಲ. ಅದು ಶೈಲಜಳ ಕೈ. ಚಿತ್ರ ತೆಗೆದ ಆ ಬೆಳಿಗ್ಗೆ ಮಂಜು ಬಿದಿರ ಮೆಳೆ ಬಿಟ್ಟು ಎದ್ದಿರಲಿಲ್ಲ, ಉಸಿರು ಬಿಟ್ಟರೆ ಹೊಗೆ. ರಾಘವನ್ ಜೀಪಿನಲ್ಲೇ ಕೂತು ಇದೇ ಫೋನಿನಲ್ಲಿ ಇದೇ ನಗು ನಗುತ್ತಿದ್ದರು. ಅವಳೊಬ್ಬಳೇ ಟ್ರೈಪಾಡು ಹೊತ್ತು ಗುಡಿಯೊಳಗೆ ಹೋದಳು. ಗುಡಿ ಅಂದರೆ ಏನು, ಮೂರು ಕಡೆ ಕಲ್ಲಿನ ಗೋಡೆ, ಮೇಲೆ ಎರಡು ಚಪ್ಪಡಿ, ಮಧ್ಯೆ ಆಳೆತ್ತರದ ಹೆಂಗಸು. ಮೈಸೂರ ಕಡೆಯಿಂದ ಬಂದ ಯಾರೋ ಕಡೆಸಿದರು, ಆಮೇಲೆ ಇವಳನ್ನು ಕಾಡಿನಲ್ಲೇ ಬಿಟ್ಟು ಹೊರಟುಹೋದರು, ಒಂಟಿಯಾಗಿ ನಿಂತು ನಿಂತು ಇವಳಿಗೆ ಚಳಿ ಹಿಡಿಯಿತು ಎಂದು ಹಾಡಿಯವರು ಹೇಳುತ್ತಾರೆ. ಅದಕ್ಕೇ ತಣ್ಣವ್ವ. ಅದಕ್ಕೇ ಅವಳಿಗೆ ಹೂ ಬೇಡ, ಕಾಯಿ ಬೇಡ, ದೀಪವೂ ಬೇಡ. ಬಂದವರು ಅಂಗೈಯನ್ನು ಅವಳ ಹೊಟ್ಟೆಯ ಮೇಲಿಟ್ಟು ಕಲ್ಲಿನ ಚಳಿ ಬಿಡುವವರೆಗೆ ನಿಲ್ಲಬೇಕು. ಬಿಸಿ ಕೊಡುವುದು ಎನ್ನುತ್ತಾರೆ. ಬಿಸಿ ಕೊಡದೆ ಯಾರೂ ಏನನ್ನೂ ಕೇಳುವ ಹಾಗಿಲ್ಲ. ಕೊಟ್ಟಾದ ಮೇಲೆ ಬಂದದ್ದೇಕೆ ಎಂಬುದನ್ನೇ ಮರೆತು ಸುಮ್ಮನೆ ಮನೆಗೆ ಹೋದವರೂ ಇದ್ದಾರೆ. ಅಮ್ಮನ ಸೆರಗು ಹಿಡಿದು ಇಲ್ಲಿಗೆ ಬರುತ್ತಿದ್ದ ದಿನಗಳಲ್ಲಿ ಶೈಲಜಳ ಕೈ ಹೊಟ್ಟೆಗೆ ಎಟುಕುತ್ತಿರಲಿಲ್ಲ, ಮೊಣಕಾಲಿನ ಮೇಲೆ ಇಡುತ್ತಿದ್ದಳು. ಈಗ ಅಮ್ಮ ನಾಗರತ್ನಮ್ಮ ಬತ್ತೇರಿಯ ಮನೆಯಲ್ಲಿ ಮಂಡಿನೋವು ಹಿಡಿದು ಕೂತಿದ್ದಾಳೆ. "ಅಷ್ಟ್ ದೂರ ಹೋಯ್ತಾ ಇದ್ದೀಯ, ನನ್ ಪಾಲುದ್ದೂ ಇಟ್ಬುಟ್ ಬಾ," ಎಂದು ಬಾಗಿಲಲ್ಲೇ ಹೇಳಿ ಕಳಿಸಿದ್ದಳು. ಶೈಲಜ ಟ್ರೈಪಾಡು ನಿಲ್ಲಿಸಿದವಳು ಗ್ಲೌಸು ಕಳಚಿ ಕೈ ಇಟ್ಟಳು. ಮೊದಲು ತನ್ನ ಪಾಲಿನದು. ಚಳಿ ಮಣಿಕಟ್ಟಿಗೆ ಏರಿತು, ಮೊಣಕೈಗೆ ಏರಿತು, ಯಾವುದೋ ಒಂದು ಹೊತ್ತಿನಲ್ಲಿ ಅದು ಕಲ್ಲಿನದೋ ತನ್ನದೋ ಗೊತ್ತಾಗದಂತಾಯಿತು. ಆಮೇಲೆ ಅಮ್ಮನ ಪಾಲಿನದು. ಏನು ಕೇಳಬೇಕು ಎಂದು ಅವಳಿನ್ನೂ ಯೋಚಿಸಿಯೂ ಇರಲಿಲ್ಲ, "ರೆಡಿಯಾ?" ಎಂದು ರಾಘವನ್ ಬಾಗಿಲಿಗೆ ಬಂದುಬಿಟ್ಟರು. ಕೈ ತೆಗೆದಳು, ಗ್ಲೌಸು ಎಳೆದುಕೊಂಡಳು, ಬಟನ್ ಒತ್ತಿದಳು.

ಚಿತ್ರದಲ್ಲಿ ಅದು ಇತ್ತು. ನೀಲಿ ತಣ್ಣವ್ವನ ಹೊಟ್ಟೆಯ ಮೇಲೆ ಕೆಂಪು. ಅಂಗೈಯ ಬುಡ ಹೊಕ್ಕುಳ ಮಡಿಕೆಗೆ ಸೇರಿ ಗುಂಡಗಾಗಿತ್ತು, ಮೇಲಕ್ಕೆ ಉದ್ದ ಗೆರೆ ಎರಡು, ಅದರ ಪಕ್ಕ ಒಂದು ಮೋಟು, ಆಮೇಲೆ ಇನ್ನೊಂದು ಸಣ್ಣ ಗೆರೆ. ಹೆಬ್ಬೆರಳು ಕಲ್ಲಿಗೆ ತಾಗಿರಲಿಲ್ಲ. ರಾಘವನ್ ಬಗ್ಗಿದರು. ಅವರ ಮುಖದಲ್ಲಿ ಅಂಥ ಸಂತೋಷವನ್ನು ಅವಳು ಅವರ ಮಗಳ ಮದುವೆಯಲ್ಲೂ ಕಂಡಿರಲಿಲ್ಲ. "ಬೇರು ಬಿಟ್ಟಿದೆ ನೋಡು ಬಿರುಕು! ಒಳಗೆ ಪೂರ್ತಿ ಪೊಳ್ಳು!" ಎಂದರು. "ಸಾರ್, ಸಂಜೆ ಇನ್ನೊಂದು ಸಲ ತೆಗೆಯೋಣ," ಎಂದಳು ಶೈಲಜ. "ದೀಪ ಹಾಕಿ ಕಲ್ಲು ಕಾಯಿಸಿ ತೆಗೆಯೋಣ. ಶಬ್ದದ ಅಲೆಯ ಯಂತ್ರ ರಿಪೇರಿಯಾಗಿ ಬಂದ ಮೇಲೆ ಅದರಲ್ಲೂ ನೋಡಬಹುದು." ಅವರು ಕೈಬೀಸಿದರು, ನೊಣ ಓಡಿಸುವ ಹಾಗೆ. "ಕಣ್ಣಿಗೆ ಕಾಣುತ್ತಿದೆಯಲ್ಲ. ಸಂಜೆ ನನಗೆ ಮೀಟಿಂಗ್." ಇಷ್ಟೇ ಆದದ್ದು. ಹೇಳಿದಳು ಎಂದರೆ ಹೇಳಿದಳು, ಹೇಳಲಿಲ್ಲ ಎಂದರೆ ಹೇಳಲಿಲ್ಲ. ತಳ್ಳಿಹಾಕಲು ಅನುಕೂಲವಾಗುವ ಹಾಗೆಯೇ ಹೇಳಿದಳು.

ಯಾಕೆ? ಕೆಲಸದ ಹೆದರಿಕೆಯೇ? ಅದೂ ಇತ್ತು. ಬರಿಗೈಯಲ್ಲಿ ಶಿಲ್ಪ ಮುಟ್ಟುವುದು ಅವರ ಆಫೀಸಿನಲ್ಲಿ ಎಲ್ಲಕ್ಕಿಂತ ದೊಡ್ಡ ತಪ್ಪು. ಆದರೆ ಅದಕ್ಕಿಂತ ಹೆಚ್ಚಾಗಿ ಅವಳು ಹೆದರಿದ್ದು ಅವರ ನಗುವಿಗೆ. "ನಮ್ಮ ಶೈಲಜ ಇಲ್ಲಿಯ ಲೋಕಲ್," ಎಂದು ಬಂದವರಿಗೆಲ್ಲ ಪರಿಚಯ ಮಾಡಿಸುವಾಗ ಅವರ ತುಟಿಯಲ್ಲೊಂದು ನಗು ಇರುತ್ತದೆ. ಅವಳು ಭೌತಶಾಸ್ತ್ರ ಓದಿದ್ದಾಳೆ, ಈ ಕ್ಯಾಮೆರಾ ಬಂದಾಗ ಅದರ ಪುಸ್ತಕ ಮೊದಲಿನಿಂದ ಕೊನೆಯವರೆಗೆ ಓದಿದ್ದು ಆಫೀಸಿನಲ್ಲಿ ಅವಳೊಬ್ಬಳೇ ಎಂಬುದೆಲ್ಲ ಆ ನಗುವಿನಲ್ಲಿ ಅಳಿಸಿಹೋಗುತ್ತದೆ. ಅಂಥವರ ಮುಂದೆ ಕಲ್ಲಿಗೆ ಚಳಿಯಾಗಿತ್ತು ಸಾರ್, ಬಿಸಿ ಕೊಡುತ್ತಿದ್ದೆ ಎನ್ನುವುದು ಹೇಗೆ? ಅಲ್ಲದೆ ಯಾರಾದರೂ ಕಂಡುಹಿಡಿಯುತ್ತಾರೆ ಎಂದುಕೊಂಡಿದ್ದಳು. ಚಿತ್ರ ಆಫೀಸಿಗೆ ಹೋಯಿತು. ಆಫೀಸಿನಿಂದ ಇನ್ನೊಂದು ಆಫೀಸಿಗೆ ಹೋಯಿತು. ದೊಡ್ಡದು ಮಾಡಿದರು, ಸುತ್ತ ವೃತ್ತ ಎಳೆದರು, ಬಾಣದ ಗುರುತು ಹಾಕಿದರು. ಅಷ್ಟು ಜನ ಕನ್ನಡಕ ಏರಿಸಿ ನೋಡಿದರು, ಒಬ್ಬರಿಗೂ ಅದು ಕೈ ಅನ್ನಿಸಲಿಲ್ಲ! ಘಾಸಿ ಹುಡುಕಲು ಕೂತವರ ಕಣ್ಣಿಗೆ ಘಾಸಿಯೇ ಕಂಡಿತು. ಗುಡಿಯ ಮುಂದಿನ ಗೇಟಿಗೆ ಬೀಗ ಬಿತ್ತು. ಮುಟ್ಟಿ ಮುಟ್ಟಿ ಹಾಳು ಮಾಡಿದ್ದಾರೆ ಎಂದು ಹಾಡಿಯವರನ್ನು ಒಳಗೆ ಬಿಡುವುದನ್ನು ನಿಲ್ಲಿಸಿದರು. ಹದಿನೈದು ದಿನದಿಂದ ಶೈಲಜ ರಾಘವನ್ ಜೊತೆ ಜೀಪು ಹತ್ತುತ್ತಿದ್ದಾಳೆ, ಇಳಿಯುತ್ತಿದ್ದಾಳೆ, ಊಟ ಸೇರುತ್ತಿಲ್ಲ.

ಕೇಣಿಚಿರದಲ್ಲಿ ರಾಘವನ್‌ಗೆ ಚಹಾ ಬೇಕಾಯಿತು. ಜೀಪು ನಿಂತದ್ದು ಅಪ್ಪನ ಅಂಗಡಿಯ ಎದುರಿಗೇ. ಬಸವಯ್ಯನ ಪೀಡಿಗೆ ಎಂದರೆ ಒಂದು ಕಾಲಕ್ಕೆ ಈ ಕವಲುದಾರಿಯಲ್ಲಿ ಎಲ್ಲರಿಗೂ ಗೊತ್ತು. ಗುಂಡ್ಲುಪೇಟೆಯಿಂದ ಬೇಳೆ, ಮೆಣಸಿನಕಾಯಿ, ಬೆಲ್ಲ ತರಿಸಿ ಮಾರುತ್ತಿದ್ದರು. ಅಪ್ಪ ಹೋದ ಮೇಲೆ ಅದು ಮೊಬೈಲ್ ಅಂಗಡಿಯಾಗಿದೆ. ಶಟರು ಮಾತ್ರ ಅದೇ. ಬಣ್ಣ ಬೇರೆ ಬಳಿದಿದ್ದಾರೆ, ಅಷ್ಟೆ. ಅದನ್ನು ಸರ್‍ರನೆ ಎಳೆಯುವುದು ಅವಳಿಗೆ ಆಟವಾಗಿತ್ತು. ಒಂದು ಸಂಜೆ ಶಟರು ಕೆಳಗೆ ಬಂತು, ಬೆರಳು ಮೇಲೆಯೇ ಉಳಿಯಿತು. ಆಗ ಅಂಗಡಿಗೆ ಜೇನು ತಂದಿದ್ದ ಹಾಡಿಯ ಮಾರ ಅವಳನ್ನು ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ಓಡಿದ್ದ. ನಿಶ್ಚಿತಾರ್ಥದ ದಿನ ಗಂಡಿನ ಕಡೆಯವರು ಉಂಗುರ ಹಿಡಿದು ತಡವರಿಸಿದ್ದು, ಒಬ್ಬಾಕೆ "ನಡುವಿನ ಬೆರಳಿಗೇ ಹಾಕಿ, ಏನಾಗಲ್ಲ" ಎಂದದ್ದು, ಎಲ್ಲರೂ ಆ ಕೈಯನ್ನೇ ನೋಡಿದ್ದು! ಅವತ್ತು ಭೂಮಿ ಬಾಯಿಬಿಡಬಾರದೇ ಅನ್ನಿಸಿತ್ತು. ನೋಡಿದರಲ್ಲ ಎಂದು ಆಗ ಸಿಟ್ಟು, ನೋಡಲಿಲ್ಲವಲ್ಲ ಎಂದು ಈಗ ಸಿಟ್ಟು. ತನಗೆ ಏನು ಬೇಕು ಹಾಗಾದರೆ? ಚಹಾ ಕುಡಿಯುತ್ತಾ ರಾಘವನ್ ಅಂದರು, "ಇವತ್ತು ನೀನು ಚೆನ್ನಾಗಿ ತಿಳಿಸಿ ಹೇಳಬೇಕು. ಆ ಜನ ಗಲಾಟೆ ಮಾಡಬಾರದು. ನಿನ್ನ ಮಾತು ಕೇಳುತ್ತಾರೆ." ಅವಳು ಲೋಟವನ್ನು ಬಲಗೈಯಲ್ಲಿ ಅವರ ಮುಖದ ಹತ್ತಿರವೇ ಹಿಡಿದುಕೊಂಡು ನಿಂತಳು. ಅವರು ಲೋಟದ ಆಚೆ ರಸ್ತೆ ನೋಡಿದರು.

ಗುಡಿಯ ಮುಂದಿನ ಬಿದಿರ ಗೇಟಿನ ಹತ್ತಿರ ಮಾರ ಕಾಯುತ್ತಿದ್ದ. ಈಗ ಬೆನ್ನು ಬಾಗಿದೆ, ತಲೆಗೆ ಮಫ್ಲರು. ಅವನ ಹಿಂದೆ ಹಾಡಿಯ ಸುನಿತ, ಕಂಕುಳಲ್ಲಿ ಕೂಸು. ಇನ್ನೂ ಏಳೆಂಟು ಜನ ತೊಳಿಲುರಪ್ಪಿನ, ಅಂದರೆ ಉದ್ಯೋಗ ಖಾತ್ರಿಯ, ಕೆಲಸ ಬಿಟ್ಟು ಹಾರೆ ಗುದ್ದಲಿ ಸಮೇತ ಬಂದಿದ್ದರು. ಬೀಗಕ್ಕೆ ಸುತ್ತಿದ್ದ ಕೆಂಪು ಬಿಳಿ ಪ್ಲಾಸ್ಟಿಕ್ ಪಟ್ಟಿ ಗಾಳಿಗೆ ಪಟಪಟ ಅನ್ನುತ್ತಿತ್ತು. "ಸುಖಾನಾ ಮೋಳೆ? ಅವ್ವನ್ ಮಂಡಿ ಎಂಗದೆ?" ಎಂದು ಮಾರ ಕೇಳಿದ. "ಅಂಗೇ ಅದೆ ಮಾರತಾತ," ಎಂದಳು. ರಾಘವನ್ ಬೀಗ ತೆಗೆಸಿ, ಬಾಗಿಲ ಕಲ್ಲಿನ ಮೇಲೆ ಲ್ಯಾಪ್‌ಟಾಪು ಇಡಿಸಿ, ಮಣಿಕಂಠನಿಗೆ ಯಂತ್ರ ಇಳಿಸಲು ಹೇಳಿದರು. ಮಗಳಿಗೆ ಮೋಳೆ, ಅಕ್ಕನಿಗೆ ಚೇಚಿ ಎನ್ನುವಂಥ ಒಂದೆರಡು ಪದ ಬಿಟ್ಟರೆ ತಣ್ಣವ್ವನ ಅಂಗಳದಲ್ಲಿ ಹಾಡಿಯವರು ಮಲಯಾಳ ಮಾತಾಡುವುದಿಲ್ಲ; ಸ್ಕೂಲಿನ, ಆಫೀಸಿನ ಮಾತು ಬಿದಿರ ಗೇಟಿನಿಂದಾಚೆ. ರಾಘವನ್ ಇದನ್ನು ಇವರಿಗೆ ಮಲಯಾಳ ಬಾರದು ಎಂದು ತಿಳಿದುಕೊಂಡಿದ್ದರು. ಕೇಣಿಚಿರದ ರೇಷನ್ ಅಂಗಡಿಯಲ್ಲಿ ಮಾರ ಮಲಯಾಳದಲ್ಲಿ ಜಗಳ ಮಾಡಿ ಗೆಲ್ಲುವುದನ್ನು ಅವರು ನೋಡಿರಲಿಲ್ಲ. ಶೈಲಜ ತಿದ್ದಲಿಲ್ಲ. ತಿದ್ದಿದರೆ ತನ್ನ ಕೆಲಸವೇನು ಇಲ್ಲಿ?

"ಇವರಿಗೆ ಹೇಳು," ಎಂದು ರಾಘವನ್ ಶುರುಮಾಡಿದರು. "ಇಷ್ಟು ವರ್ಷ ಎಣ್ಣೆಕೈ, ಬೆವರುಕೈ ಇಟ್ಟು ಇಟ್ಟು ಕಲ್ಲನ್ನು ಒಳಗಿನಿಂದ ಕೊಳೆಸಿಬಿಟ್ಟಿದ್ದಾರೆ. ಪರೆಯೂ." ಹೇಳು, ಹೇಳು ಎಂದು ಅವರ ಬೆರಳು ಅವಳ ಕಡೆಗೆ ಆಡಿತು. ಶೈಲಜ ಮಾರನ ಕಡೆ ತಿರುಗಿದಳು. "ಸಾರು ಏನ್ ಹೇಳ್ತಾವ್ರೆ ಅಂದ್ರೆ, ಅವ್ವನ್ ಹೊಟ್ಟೆ ಒಳ್ಗೆ ಏನೋ ಪೊಳ್ಳು ಕಂಡಂಗಾಗದೆ ಅಂತ." "ಎಣ್ಣೆಕೈ ಅಂದದ್ದ ನೀ ಬುಟ್ಬುಟ್ಯಲ್ಲ ಮೋಳೆ," ಎಂದ ಮಾರ ಮೆಲ್ಲಗೆ. ಅವಳ ಕಿವಿ ಬಿಸಿಯಾಯಿತು. "ಏನಂತೆ?" ಎಂದರು ರಾಘವನ್. "ಏನಿಲ್ಲ ಸಾರ್. ಕೇಳಿಸಿಕೊಳ್ಳುತ್ತಿದ್ದಾರೆ." "ಹಾಗಾದರೆ ಇದನ್ನೂ ಹೇಳು. ಇಂಥ ಬೆಲೆಬಾಳುವ ವಸ್ತು ಇವರ ಕೈಗೆ ಸಿಕ್ಕಿದ್ದೇ ಅದರ ದುರದೃಷ್ಟ. ನಾವು ಬರದಿದ್ದರೆ ಇನ್ನು ನಾಲ್ಕು ಮಳೆಗಾಲಕ್ಕೆ ಪುಡಿಯಾಗುತ್ತಿತ್ತು. ಪರೆಯೂ." ಅವಳು ಬಾಯಿ ತೆರೆದಳು. ಯಾವ ಮಾತು ಸಿಕ್ಕರೆ ಇದು ಸ್ವಲ್ಪ ಮೆತ್ತಗಾದೀತು ಎಂದು ಹುಡುಕಿದಳು. ಹುಡುಕುತ್ತಿರುವುದನ್ನು ಅಷ್ಟೂ ಜನ ನೋಡುತ್ತಿದ್ದರು, ಅಷ್ಟೂ ಜನಕ್ಕೆ ಮೂಲ ಮಾತು ಗೊತ್ತಿತ್ತು. ಒಂದು ನೆಲದಲ್ಲಿ ಹುಟ್ಟಿ ಬೆಳೆದವಳು ಅದೇ ನೆಲದ ಮೇಲೆ ನಿಂತು ಬೈಗುಳಕ್ಕೆ ಸಕ್ಕರೆ ಸವರುತ್ತಿದ್ದಾಳೆ! "ಅವ್ವನ್ನ ಸ್ವಲ್ಪ ದಿವ್ಸ ಕೆಳಗೆ ಮಡಗಿ ಸರಿಮಾಡ್ತಾರಂತೆ," ಎಂದಳು. ಮಾರ ಈ ಸಲ ತಿದ್ದದೆ ತಣ್ಣವ್ವನ ಕಡೆ ಮುಖ ತಿರುಗಿಸಿದ. ಅದು ಇನ್ನೂ ಕಷ್ಟವಾಯಿತು.

ಅವರು ಗಲಾಟೆ ಮಾಡುತ್ತಾರೆ, ಪಿಕಪ್ಪಿಗೆ ಅಡ್ಡ ಮಲಗುತ್ತಾರೆ, ತನ್ನ ಬಾಯಿಯಿಂದ ಆಗದ್ದನ್ನು ಅವರ ಗುದ್ದಲಿ ಮಾಡುತ್ತದೆ ಎಂದು ಅವಳು ದಾರಿಯುದ್ದಕ್ಕೂ ನಂಬಿದ್ದಳು. ನಾಚಿಕೆಗೆಟ್ಟ ನಂಬಿಕೆ. ತಪ್ಪು ತನ್ನದು, ಜಗಳ ಅವರು ಮಾಡಬೇಕು. ಆದರೆ ಮಾರ ಗೋಡೆಗೆ ಕೈಯೂರಿ ಬಂಡೆಯ ಮೇಲೆ ಕೂತುಬಿಟ್ಟ. "ನಮ್ ಕೈಯಿಂದ್ಲೇ ಕೇಡಾಗದೆ ಅಂದ್ರೆ ಕೊಂಡೋಗ್ಲಿ ಮೋಳೆ," ಎಂದ. "ನಾವ್ ಬಿಸಿ ಕೊಡ್ತಾ ಇವಿ ಅಂದ್ಕಂಡ್ವಿ. ಅವಳ್ಗೆ ಅದು ಜಾಸ್ತಿಯಾಯ್ತೇನೋ, ಯಾರ್ ಕಂಡವ್ರೆ. ಅವ್ಳು ಬಾಯ್ಬುಟ್ ಹೇಳಕ್ಕಿಲ್ಲ. ಆ ಮಿಸಿನ್ನಲ್ಲಿ ಕಾಲ್ ಕುಯ್ದ್ರೂ ಸರಿ, ಜೀವ ಒಂದ್ ಉಳೀಲಿ." ಆಗ ಸುನಿತ ಮುಂದೆ ಬಂದಳು. ಅವಳು ಶೈಲಜಳನ್ನು ನೋಡಲಿಲ್ಲ, ಒಳಗೆ ಕತ್ತಲಲ್ಲಿ ನಿಂತ ತಣ್ಣವ್ವನ ಹೊಟ್ಟೆಯನ್ನೇ ನೋಡುತ್ತಿದ್ದಳು. "ಚೇಚಿ, ಈ ಕೂಸು ಹುಟ್ಟಕ್ ಮುಂಚೆ ನಾನ್ ದಿವ್ಸಾ ಬಂದು ಬಾಳಾ ಹೊತ್ತು ಕೈ ಇಡ್ತಿದ್ದೆ. ಇವ್ರೆಲ್ಲಾರ್ಗಿಂತ ಜಾಸ್ತಿ ಇಟ್ಟವ್ಳು ನಾನೇಯ. ನನ್ನಿಂದ್ಲೇ ಆಯ್ತಾ?" ಎಂದು ಕೇಳಿದಳು. ಕೇಳುತ್ತಾ ಖಾಲಿ ಇದ್ದ ಕೈಯನ್ನು ಸೀರೆಯ ಮಡಿಕೆಯೊಳಗೆ ಸೇರಿಸಿಕೊಂಡಳು, ಯಾರಿಗೂ ಕಾಣದ ಹಾಗೆ.

ಶೈಲಜ ಆ ಕೈ ಮರೆಯಾಗುವುದನ್ನು ನೋಡಿದಳು. ನಿಶ್ಚಿತಾರ್ಥದ ಮೇಲೆ ಎಷ್ಟೋ ವರ್ಷ ತನ್ನ ಕೈ ಹೋಗುತ್ತಿದ್ದದ್ದೂ ಅಲ್ಲಿಗೇ, ಸೀರೆಯ ಮಡಿಕೆಗೆ. ಅವಳಿಗೆ ಸಿಟ್ಟು ಉಕ್ಕಿತು. ಅದು ರಾಘವನ್ ಮೇಲಿನದಷ್ಟೇ ಆಗಿರಲಿಲ್ಲ, ವೃತ್ತ ಎಳೆದವರ ಮೇಲಿನದು, ಬಾಣ ಹಾಕಿದವರ ಮೇಲಿನದು, "ಸರಿ ಸಾರ್" ಎಂದ ಬಾಯಿಯ ಮೇಲಿನದು. ಒಳ್ಳೆಯ ಹೆಂಗಸೊಬ್ಬಳು ತನ್ನ ಕೈಗೆ ತಾನೇ ಹೆದರುವ ಹಾಗೆ ಮಾಡಿದರಲ್ಲ! ಮಾಡಿದರು ಏನು, ಮಾಡಿದೆನಲ್ಲ! ಅತ್ತ ಮಣಿಕಂಠನ್ ಯಂತ್ರದ ವಯರನ್ನು ಜನರೇಟರಿಗೆ ಸಿಕ್ಕಿಸುತ್ತಿದ್ದ. "ಚಿತ್ರ ತೋರಿಸು," ಎಂದರು ರಾಘವನ್. "ಅವರ ಕಣ್ಣಿಗೇ ಕಾಣಲಿ. ದೊಡ್ಡದು ಮಾಡು. ಇನ್ನೂ ದೊಡ್ಡದು. ಹಾಂ." ಪರದೆಯ ತುಂಬ ನೀಲಿ ಹೊಟ್ಟೆ, ಮಧ್ಯೆ ವೃತ್ತದೊಳಗೆ ಕೆಂಪು. "ಹೇಳು, ಈ ಕೆಂಪು ಜಾಗವೇ ಘಾಸಿ. ಪರೆಯೂ."

ಶೈಲಜ ಬಲಗೈಯ ಗ್ಲೌಸಿನ ಟೇಪು ಬಿಚ್ಚಿದಳು, ಗ್ಲೌಸು ಕಳಚಿ ನೆಲಕ್ಕೆ ಬಿಟ್ಟಳು. ಬರಿಗೈಯನ್ನು ಪರದೆಯ ಮೇಲಿಟ್ಟಳು. ಅಂಗೈಯ ಬುಡ ಆ ಗುಂಡಗಿನ ಕೆಂಪಿನ ಮೇಲೆ ಕೂತಿತು, ತೋರುಬೆರಳು ಒಂದು ಗೆರೆಯ ಮೇಲೆ, ನಡುಬೆರಳು ಇನ್ನೊಂದರ ಮೇಲೆ, ಕಿರುಬೆರಳು ಕೊನೆಯದರ ಮೇಲೆ. ಮೋಟು ಬೆರಳು ಮೋಟು ಗೆರೆಯ ಮೇಲೆ. ಕೆಂಪು ಎಲ್ಲೂ ಕಾಣಲಿಲ್ಲ, ಸುತ್ತ ನೀಲಿ ಮಾತ್ರ ಉಳಿಯಿತು.

"ಕೈ ತೆಗಿ ಶೈಲಜಾ," ಎಂದರು ರಾಘವನ್. "ಸ್ಕ್ರೀನಿಗೆ ಕಲೆಯಾಗುತ್ತೆ."

ಅವಳು ತೆಗೆಯಲಿಲ್ಲ. ಮೊದಲು ನಕ್ಕದ್ದು ಸುನಿತ, ನಕ್ಕು ತುಟಿ ಕಚ್ಚಿಕೊಂಡಳು. ಮಾರ ಎದ್ದು ಬಂದು ಬಗ್ಗಿದ, ಕೈ ನೋಡಿದ, ಶೈಲಜ ಕೈ ಎತ್ತಿದಾಗ ಪರದೆ ನೋಡಿದ, ಮತ್ತೆ ಇಟ್ಟಾಗ ಮತ್ತೆ ಕೈ ನೋಡಿದ. "ಅವತ್ತು ಬೆಳಿಗ್ಗೆ ನೀವು ಬರುವ ಮುಂಚೆ ನಾನು ಕೈ ಇಟ್ಟಿದ್ದೆ ಸಾರ್," ಎಂದಳು ಶೈಲಜ. ಮಲಯಾಳದಲ್ಲಿ ಹೇಳಬೇಕಿತ್ತು, ಕನ್ನಡದಲ್ಲಿ ಬಂತು. ಆಮೇಲೆ ಮಲಯಾಳದಲ್ಲಿ ಇನ್ನೊಮ್ಮೆ ಹೇಳಿದಳು. "ಬರಿಗೈ. ಬಹಳ ಹೊತ್ತು. ನೀವು ಕಂಡ ಬಿರುಕು ಇದೇ." ರಾಘವನ್ ಮುಖ ಸುಣ್ಣವಾಯಿತು. ಧ್ವನಿ ತಗ್ಗಿಸಿ, "ಏನು ಹೇಳುತ್ತಿದ್ದೀಯ ಗೊತ್ತಾ? ಬರಿಗೈಯಲ್ಲಿ ಮುಟ್ಟಿದೆ ಅಂತ ನೀನೇ ಹೇಳಿದರೆ ಕೆಲಸ ಉಳಿಯುತ್ತಾ?" ಎಂದರು. "ಉಳಿಯದಿದ್ದರೆ ಬೇಡ. ಇನ್ನೊಂದು ಸಲ ತೆಗೆಯೋಣ ಅಂತ ಅವತ್ತು ಹೇಳಿದೆ, ನೀವು ನೊಣ ಓಡಿಸಿದಿರಿ." "ಇದು ಕಾಕತಾಳೀಯ. ಘಾಸಿ ಇದ್ದೇ ಇದೆ." "ಹಾಗಾದರೆ ಈಗ ನೋಡಿ. ಅವತ್ತು ತೆಗೆದ ಹಾಗೆಯೇ, ಅದೇ ದೂರದಿಂದ."

ಅವಳು ಬ್ಯಾಗಿನಿಂದ ಶಾಖದ ಕ್ಯಾಮೆರಾ ತೆಗೆದು ಬಾಗಿಲಲ್ಲಿ ನಿಂತು ಒಳಕ್ಕೆ ಹಿಡಿದಳು. ಹದಿನೈದು ದಿನ ಬೀಗ ಬಿದ್ದ ಗುಡಿ. ಒಂದು ಕೈಯೂ ತಾಗದ ಹೊಟ್ಟೆ. ಕ್ಯಾಮೆರಾದ ಸಣ್ಣ ಪರದೆಯಲ್ಲಿ ತಣ್ಣವ್ವ ಮುಡಿಯಿಂದ ಪಾದದವರೆಗೆ, ಪಾದದಿಂದ ಬಂಡೆಯವರೆಗೆ ಒಂದೇ ನೀಲಿ. ಕೆಂಪಿಲ್ಲ, ಗೆರೆಯಿಲ್ಲ, ಬೇರಿಲ್ಲ. ಅವಳು ಅದನ್ನು ರಾಘವನ್‌ಗೆ ತೋರಿಸಿದಳು, ಮಾರನಿಗೆ ತೋರಿಸಿದಳು, ಸುನಿತಳ ಮುಂದೆ ಹಿಡಿದು "ನಿನ್ನಿಂದ ಏನೂ ಆಗಿಲ್ಲ ಕಣಮ್ಮ" ಎಂದಳು. ಸುನಿತ ಬಹಳ ಹೊತ್ತು ನೋಡಿದಳು. "ಎಷ್ಟ್ ತಣ್ಗಾಗ್ಬುಟ್ಟವ್ಳೆ, ಪಾಪ," ಎಂದಳು.

ಮಣಿಕಂಠನ್ ಜನರೇಟರಿನ ಹಗ್ಗ ಹಿಡಿದು ಇತ್ತ ನೋಡುತ್ತಾ ನಿಂತಿದ್ದ. ರಾಘವನ್ ಅವನ ಕಡೆ ಕೈ ಅಲ್ಲಾಡಿಸಿದರು, ಬೇಡ, ಇವತ್ತು ಬೇಡ ಎನ್ನುವ ಹಾಗೆ. ಸೋತೆ ಎಂದಲ್ಲ, ಇವತ್ತು ಬೇಡ ಎಂದು. ಅವರು ಅಷ್ಟೇ ಕೊಡಬಲ್ಲವರು ಎಂದು ಶೈಲಜಳಿಗೆ ಗೊತ್ತಿತ್ತು. ಮಣಿಕಂಠನ್ ವಯರು ಸುತ್ತತೊಡಗಿದ. ರಾಘವನ್ ಮತ್ತೆ ಲ್ಯಾಪ್‌ಟಾಪಿನ ಹತ್ತಿರ ಬಂದು ಪರದೆಯನ್ನು ನೋಡಿದರು, ಅದರ ಪಕ್ಕದಲ್ಲಿ ಕ್ಯಾಮೆರಾ ಹಿಡಿದಿದ್ದ ಅವಳ ಬಲಗೈಯನ್ನು ನೋಡಿದರು. ಮೊದಲ ಸಲ ನೋಡಿದರು. ಹುಬ್ಬು ಗಂಟಿಕ್ಕಿ, ತಲೆ ವಾಲಿಸಿ, ಒಂದು ಕೆತ್ತನೆಯನ್ನು ನೋಡುವ ಹಾಗೆಯೇ ನೋಡಿದರು. "ಈ ಬೆರಳು..." ಎಂದರು. "ಯಾವಾಗ ಆಯಿತು ಇದು?"

ಹತ್ತು ಹನ್ನೊಂದು ವರ್ಷ. ಈ ಪ್ರಶ್ನೆಗೆಂದು ಅವಳು ಕೂಡಿಟ್ಟ ಮಾತುಗಳೆಲ್ಲ ನಾಲಗೆಯ ತುದಿಗೆ ಬಂದವು, ಒಂದಕ್ಕೂ ಈಗ ಹೊರಬರುವ ಮನಸ್ಸಿರಲಿಲ್ಲ. ಆಗಿನಿಂದ ರೂಢಿಯಾದ ಹಾಗೆ ಅವಳು ಮಾರನ ಕಡೆ ತಿರುಗಿದಳು. "ಸಾರು ಕೇಳ್ತಾವ್ರೆ ಮಾರತಾತ. ನನ್ ಬೆರಳು ಯಾವಾಗ ಹೋಯ್ತು ಅಂತ." ಈ ಸಲ ಒಂದು ಮಾತನ್ನೂ ಬಿಟ್ಟಿರಲಿಲ್ಲ, ಒಂದನ್ನೂ ಮೆತ್ತಗೆ ಮಾಡಿರಲಿಲ್ಲ. ಮಾರ ಮಫ್ಲರು ಬಿಚ್ಚಿ ಹೆಗಲಿಗೆ ಹಾಕಿಕೊಂಡ.

"ಅವ್ರ್ಗೆ ಹೇಳು," ಎಂದ. "ಬಿಸಿ ಕೊಡ್ದೇ ಇಲ್ಲಿ ಯಾರೂ ಏನೂ ಕೇಳಕ್ಕಿಲ್ಲ. ಮೊದ್ಲು ಕೈ ಇಡ್ಲಿ."

ಶೈಲಜ ಅದನ್ನು ಅಕ್ಷರಕ್ಕಕ್ಷರ ಮಲಯಾಳದಲ್ಲಿ ಹೇಳಿದಳು. ರಾಘವನ್ ಗ್ಲೌಸು ಹಾಕಿದ ತಮ್ಮ ಕೈಗಳನ್ನು ನೋಡಿಕೊಂಡರು. ಹಾಡಿಯವರು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದು ದಾರಿ ಮಾಡಿದರು. ರಾಘವನ್ ಒಳಗೆ ಹೋಗಲೂ ಇಲ್ಲ, ಹಿಂದಕ್ಕೆ ಬರಲೂ ಇಲ್ಲ. ಸುನಿತ ಕಾಯಲಿಲ್ಲ. ಕೂಸನ್ನು ಶೈಲಜಳ ಕೈಗೆ ಕೊಟ್ಟು, ಅವರ ಪಕ್ಕದಿಂದಲೇ ನುಗ್ಗಿ ಒಳಗೆ ಹೋಗಿ, ಸೀರೆಯ ಮಡಿಕೆಯಿಂದ ಕೈ ಹೊರತೆಗೆದಳು.